ಪಾಠ ಯೋಜನೆ ಕಡತಕ್ಕಲ್ಲ, ತರಗತಿಗೆ

ನಮ್ಮ ಶಾಲೆಗಳ ಶಿಕ್ಷಕರ ಕೊಠಡಿಗಳಲ್ಲಿ ಬಹುಕಾಲದಿಂದ ಬೇರುಬಿಟ್ಟ ಒಂದು ನಂಬಿಕೆಯಿದೆ. ಪಾಠ ಯೋಜನೆ ಬರೆಯುವುದು ಮೇಲಧಿಕಾರಿಗಳಿಗೆ, ಪಾಠ ಮಾಡುವುದು ಮಕ್ಕಳಿಗೆ, ಒಂದಕ್ಕೊಂದು ಸಂಬಂಧವಿಲ್ಲ ಎಂಬುದೇ ಆ ನಂಬಿಕೆ. ಬಿ.ಎಡ್. ಓದುವಾಗ ಅಂಕಕ್ಕಾಗಿ ಬರೆದದ್ದನ್ನು ಕೆಲಸಕ್ಕೆ ಸೇರಿದ ಮೇಲೆ ಬಿ.ಇ.ಒ. ಭೇಟಿಗಾಗಿ ಬರೆಯುತ್ತೇವೆ. ಹತ್ತು ವರ್ಷ ಸರ್ವಿಸ್ ಆದವರಿಗೆ ಅದೊಂದು ಕಾಟ, ಇಪ್ಪತ್ತು ವರ್ಷ ಆದವರಿಗೆ ಅವಮಾನ. ಇಂಗ್ಲಿಷ್ ಶಿಕ್ಷಕರಲ್ಲಂತೂ ಈ ನಂಬಿಕೆ ಇನ್ನೂ ಗಟ್ಟಿ. ‘ಪಠ್ಯಪುಸ್ತಕ ಇದೆ. ಓದಿ, ಅರ್ಥ ಹೇಳಿ, ಪ್ರಶ್ನೋತ್ತರ ಬರೆಸಿದರೆ ಪಾಠ ಆಯಿತು. ಇಷ್ಟಕ್ಕೆ ಯೋಜನೆ ಯಾಕೆ?’ ಎನ್ನುತ್ತಾರೆ.

ಈ ಪ್ರಶ್ನೆಯನ್ನು ಗಂಭೀರವಾಗಿಯೇ ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದರೊಳಗೆ ಒಂದು ನಿಜವಿದೆ. ಓದಿ ಅರ್ಥ ಹೇಳುವ ಪಾಠಕ್ಕೆ ಯೋಜನೆ ಬೇಕಿಲ್ಲ. ಪುಸ್ತಕ ತೆರೆದರೆ ಸಾಕು, ಮುಂದಿನ ಸಾಲು ಯಾವುದೆಂದು ಪುಸ್ತಕವೇ ಹೇಳುತ್ತದೆ. ಆದರೆ ಯೋಜನೆ ಬೇಡದ ಆ ಪಾಠದಿಂದ ಇಂಗ್ಲಿಷ್ ಬರುವುದಿಲ್ಲ. ಅಲ್ಲಿ ನಡೆಯುವುದು ಇಂಗ್ಲಿಷ್ ಕಲಿಕೆಯಲ್ಲ, ಇಂಗ್ಲಿಷಿನ ಬಗ್ಗೆ ಕನ್ನಡದಲ್ಲಿ ನಡೆಯುವ ವಿವರಣೆ. ಆದ್ದರಿಂದ ‘ಯೋಜನೆ ಬೇಡ’ ಎನ್ನುವವರು ಸಮರ್ಥಿಸುತ್ತಿರುವುದು ತಮ್ಮ ಸ್ವಾತಂತ್ರ್ಯವನ್ನಲ್ಲ, ದಶಕಗಳಿಂದ ಸೋಲುತ್ತ ಬಂದಿರುವ ಒಂದು ಪಾಠಕ್ರಮವನ್ನು. ಬೇರೆ ಯಾವ ವಿಷಯದ ಶಿಕ್ಷಕರಿಗಿಂತಲೂ ಇಂಗ್ಲಿಷ್ ಶಿಕ್ಷಕರಿಗೆ ಯೋಜನೆ ಹೆಚ್ಚು ಅಗತ್ಯ ಎಂಬುದು ನನ್ನ ವಾದ.

ಸೋಲು ಎಂದದ್ದು ಉತ್ಪ್ರೇಕ್ಷೆಯಲ್ಲ. ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸಲು ಶುರುಮಾಡಿದ್ದು 2007-08ರಲ್ಲಿ. ಕಲಿಕೆಯ ವರ್ಷಗಳು ಹೆಚ್ಚಿದರೆ ಭಾಷೆ ತಾನಾಗಿ ಬರುತ್ತದೆ ಎಂಬ ಆಸೆ ಅದರ ಹಿಂದಿತ್ತು. ಇಡೀ ಗ್ರಾಮೀಣ ಭಾರತದ ಚಿತ್ರ ನೋಡಿದರೆ, 2016ರ ಅಸರ್ ಸಮೀಕ್ಷೆಯಲ್ಲಿ ಸರಳ ಇಂಗ್ಲಿಷ್ ವಾಕ್ಯ ಓದಬಲ್ಲ ಐದನೇ ತರಗತಿಯ ಮಕ್ಕಳು ಶೇ. 24.5 ಮಾತ್ರ. ಎಂಟನೇ ತರಗತಿಯಲ್ಲಿ 2009ರಲ್ಲಿ ಶೇ. 60.2 ಇದ್ದ ಪ್ರಮಾಣ 2016ಕ್ಕೆ ಶೇ. 45.2ಕ್ಕೆ ಇಳಿದಿತ್ತು. ಇದಕ್ಕೆ ಕಾರಣ ಹಲವು. ಶಿಕ್ಷಕರ ಕೊರತೆಯಿದೆ, ಒಬ್ಬರೇ ಎರಡು ಮೂರು ತರಗತಿ ನೋಡಿಕೊಳ್ಳುವ ಪರಿಸ್ಥಿತಿಯಿದೆ, ಮನೆಯಲ್ಲಿ ಓದಿನ ಬೆಂಬಲ ಇಲ್ಲದ ಮಕ್ಕಳಿದ್ದಾರೆ. ಇವನ್ನೆಲ್ಲ ಒಬ್ಬ ಶಿಕ್ಷಕ ಸರಿಪಡಿಸಲಾರ. ಆದರೆ ಬಾಗಿಲು ಹಾಕಿಕೊಂಡ ಮೇಲೆ ಆ ಒಂದು ಪಿರಿಯಡ್ಡಿನಲ್ಲಿ ಏನು ನಡೆಯುತ್ತದೆ ಎಂಬುದು ಬಹುಮಟ್ಟಿಗೆ ಅವನ ಕೈಯಲ್ಲಿದೆ. ನಾನು ಮಾತಾಡುತ್ತಿರುವುದು ಅಷ್ಟರ ಬಗ್ಗೆ.

ಯಾದಗಿರಿಯ ಒಂದು ಹಳ್ಳಿಯನ್ನೋ ಚಾಮರಾಜನಗರದ ಒಂದು ಹಾಡಿಯನ್ನೋ ನೆನೆಯಿರಿ. ಅಲ್ಲಿನ ಮಗುವಿಗೆ ಗಣಿತ ಅಂಗಡಿಯಲ್ಲಿ ಸಿಗುತ್ತದೆ, ವಿಜ್ಞಾನ ಹೊಲದಲ್ಲಿ ಸಿಗುತ್ತದೆ, ಕನ್ನಡ ಎಲ್ಲೆಲ್ಲೂ ಸಿಗುತ್ತದೆ. ಇಂಗ್ಲಿಷ್ ಸಿಗುವುದು ಆ ನಲವತ್ತು ನಿಮಿಷದ ಪಿರಿಯಡ್ಡಿನಲ್ಲಿ ಮಾತ್ರ. ಆ ಅವಧಿಯಲ್ಲಿ ಕೇಳದ ಇಂಗ್ಲಿಷನ್ನು ಮಗು ಬೇರೆಲ್ಲೂ ಕೇಳುವುದಿಲ್ಲ, ಅಲ್ಲಿ ಆಡದ ವಾಕ್ಯವನ್ನು ಬೇರೆಲ್ಲೂ ಆಡುವುದಿಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಜೊತೆಗೆ ಸಿದ್ಧವಾದ ಇಂಗ್ಲಿಷ್ ಬೋಧನೆಯ ನಿಲುವು ಪತ್ರ ಒತ್ತಿ ಹೇಳಿದ್ದೂ ಇದನ್ನೇ: ಅರ್ಥಪೂರ್ಣವಾದ ಇಂಗ್ಲಿಷ್ ಮಕ್ಕಳ ಕಿವಿಗೆ ಹೇರಳವಾಗಿ ಬೀಳದಿದ್ದರೆ ಕಲಿಕೆ ಆಗುವುದಿಲ್ಲ. ಹೀಗಿರುವಾಗ ಆ ನಿಮಿಷಗಳನ್ನು ಮೊದಲೇ ಯೋಚಿಸದೆ ಖರ್ಚು ಮಾಡುವುದು ಮಗುವಿನ ಪಾಲನ್ನು ಕಸಿದುಕೊಂಡಂತೆ.

ಲೆಕ್ಕ ಹಾಕಿ ನೋಡೋಣ. 40 ಮಕ್ಕಳ ತರಗತಿ, 40 ನಿಮಿಷದ ಪಿರಿಯಡ್. ಶಿಕ್ಷಕರು 25 ನಿಮಿಷ ಓದಿ ವಿವರಿಸಿ, ಉಳಿದ 15 ನಿಮಿಷದಲ್ಲಿ ಒಬ್ಬೊಬ್ಬರನ್ನೇ ಎಬ್ಬಿಸಿ ಪ್ರಶ್ನೆ ಕೇಳುತ್ತಾರೆ ಎಂದಿಟ್ಟುಕೊಳ್ಳಿ. ಪ್ರತಿ ಮಗುವಿಗೆ ಸಿಗುವುದು 22 ಸೆಕೆಂಡು, ಅದರಲ್ಲೂ ಅರ್ಧ ಶಿಕ್ಷಕರ ಮಾತಿಗೇ ಹೋಗುತ್ತದೆ. ವಾಸ್ತವದಲ್ಲಿ ಮುಂದಿನ ಬೆಂಚಿನ ಐದಾರು ಮಕ್ಕಳು ಉತ್ತರ ಹೇಳುತ್ತಾರೆ, ಉಳಿದವರು ಸುಮ್ಮನೆ ಕೂತಿರುತ್ತಾರೆ. ಅದೇ ತರಗತಿಯಲ್ಲಿ 12 ನಿಮಿಷ ಮಕ್ಕಳು ಇಬ್ಬಿಬ್ಬರಾಗಿ ಮಾತಾಡುವಂತೆ ಮಾಡಿದರೆ ಪ್ರತಿ ಮಗುವಿಗೆ 6 ನಿಮಿಷ ದಕ್ಕುತ್ತದೆ, ಅಂದರೆ ಸುಮಾರು ಹದಿನಾರು ಪಟ್ಟು. ಇದಕ್ಕೆ ಹೊಸ ಕಟ್ಟಡ ಬೇಡ, ಸ್ಮಾರ್ಟ್ ಬೋರ್ಡ್ ಬೇಡ, ಸರ್ಕಾರಿ ಆದೇಶವೂ ಬೇಡ. ಆದರೆ ಆ 12 ನಿಮಿಷ ತಾನಾಗಿ ಆಗುವುದಿಲ್ಲ. ಯಾರು ಯಾರ ಜೊತೆ, ಯಾವ ವಿಷಯ, ಯಾವ ಪದ, ಯಾವ ವಾಕ್ಯ ಎಂಬುದನ್ನು ತರಗತಿಗೆ ಹೋಗುವ ಮೊದಲೇ ನಿರ್ಧರಿಸದೆ ‘ಮಾತಾಡಿ’ ಎಂದರೆ ಮಕ್ಕಳು ಮಾತಾಡುತ್ತಾರೆ, ಕನ್ನಡದಲ್ಲಿ.

ಒಂದು ಪಾಠವನ್ನೇ ಬಿಡಿಸಿ ತೋರಿಸುತ್ತೇನೆ. ಆರನೇ ತರಗತಿ. ದಾರಿ ಕೇಳುವುದು, ದಾರಿ ಹೇಳುವುದು ಆ ದಿನದ ವಿಷಯ. ಕಡತದಲ್ಲಿ ಸಾಮಾನ್ಯವಾಗಿ ಬರೆದಿರುವುದು ಹೀಗೆ: ‘ವಿದ್ಯಾರ್ಥಿಗಳು ದಿಕ್ಕುಗಳನ್ನು ಇಂಗ್ಲಿಷಿನಲ್ಲಿ ಹೇಳುವ ಸಾಮರ್ಥ್ಯ ಗಳಿಸುವರು.’ ಈ ವಾಕ್ಯದಿಂದ ತರಗತಿಯಲ್ಲಿ ಏನೂ ಆಗುವುದಿಲ್ಲ. ನಿಜವಾಗಿ ಯೋಜಿಸುವ ಶಿಕ್ಷಕಿ ಮೊದಲು ತಮ್ಮ ಊರಿನದೇ ಒಂದು ನಕ್ಷೆ ಬರೆಯುತ್ತಾರೆ. ಬಸ್ ಸ್ಟ್ಯಾಂಡು, ದೇವಸ್ಥಾನ, ಹಾಲಿನ ಡೇರಿ, ಪಂಚಾಯಿತಿ ಕಚೇರಿ, ಶಾಲೆ. ಲೆಫ್ಟ್, ರೈಟ್, ಸ್ಟ್ರೇಟ್, ನೆಕ್ಸ್ಟ್ ಟು, ಆಪೋಸಿಟ್, ಇಷ್ಟೇ ಈ ದಿನದ ಪದಗಳು ಎಂದು ಗೆರೆ ಎಳೆಯುತ್ತಾರೆ. ಕೇಳಲು ಒಂದು ವಾಕ್ಯ, ಹೇಳಲು ಎರಡು ವಾಕ್ಯ ಆರಿಸುತ್ತಾರೆ. ನಕ್ಷೆಯ ಎರಡು ಪ್ರತಿ ಮಾಡಿ, ಒಂದರಲ್ಲಿ ಡೇರಿಯನ್ನೂ ಇನ್ನೊಂದರಲ್ಲಿ ಪಂಚಾಯಿತಿಯನ್ನೂ ಅಳಿಸಿಬಿಡುತ್ತಾರೆ. ಈಗ ಒಬ್ಬಳ ಹತ್ತಿರ ಇಲ್ಲದ ಮಾಹಿತಿ ಪಕ್ಕದವನ ಹತ್ತಿರ ಇದೆ, ಕೇಳದೆ ವಿಧಿಯಿಲ್ಲ. ಮಾತಿಗೆ ಕಾರಣ ಹುಟ್ಟುವುದು ಹೀಗೆ.

ಮಕ್ಕಳು ಎಲ್ಲಿ ಎಡವುತ್ತಾರೆ ಎಂಬುದೂ ಆ ಶಿಕ್ಷಕಿಗೆ ಮೊದಲೇ ಗೊತ್ತಿರುತ್ತದೆ. ‘ದೇವಸ್ಥಾನದ ಎದುರು’ ಎನ್ನುವ ಮಗು ‘ಟೆಂಪಲ್ ಆಪೋಸಿಟ್’ ಎಂದೇ ಹೇಳುತ್ತದೆ. ನಮ್ಮ ಭಾಷೆಯಲ್ಲಿ ಎದುರು, ಮೇಲೆ, ಪಕ್ಕ ಎಲ್ಲವೂ ನಾಮಪದದ ನಂತರ ಬರುತ್ತವೆ, ಇಂಗ್ಲಿಷಿನಲ್ಲಿ ಮೊದಲು. ಪ್ರಶ್ನೆ ಮಾಡುವಾಗ ಕನ್ನಡದಲ್ಲಿ ಕ್ರಿಯಾಪದದ ಜಾಗ ಬದಲಾಗುವುದಿಲ್ಲ. ಅದಕ್ಕೇ ನಮ್ಮ ಮಕ್ಕಳು ‘ವೇರ್ ಯು ಆರ್ ಗೋಯಿಂಗ್’ ಎನ್ನುತ್ತಾರೆ. ‘ಎ’, ‘ಆನ್’, ‘ದಿ’ಗಳಿಗೆ ಸಮನಾದದ್ದು ಕನ್ನಡದಲ್ಲಿ ಇಲ್ಲವಾದ್ದರಿಂದ ಅವು ಬಿಟ್ಟೇ ಹೋಗುತ್ತವೆ. ಇವು ದಡ್ಡತನದ ತಪ್ಪುಗಳಲ್ಲ, ಕನ್ನಡ ಚೆನ್ನಾಗಿ ಬಲ್ಲ ಮಗು ಮಾಡಲೇಬೇಕಾದ ತಪ್ಪುಗಳು. ಹೀಗೆ ಮೊದಲೇ ಊಹಿಸಬಹುದಾದ ತಪ್ಪಿಗೆ ಮೊದಲೇ ಸಿದ್ಧವಾಗಿ ಹೋಗಬಹುದು. ಕಪ್ಪುಹಲಗೆಯ ಒಂದು ಮೂಲೆಯಲ್ಲಿ ಎರಡು ಉದಾಹರಣೆ ಬರೆದಿಟ್ಟರೆ ಸಾಕು. ಸಿದ್ಧವಾಗದ ಶಿಕ್ಷಕರು ಅದೇ ತಪ್ಪನ್ನು ತರಗತಿಯಲ್ಲಿ ಹತ್ತು ಸಲ ಕೇಳಿ, ಹತ್ತು ಸಲ ರೇಗುತ್ತಾರೆ. ಆ ರೇಗಿಗೆ ಹೆದರಿ ಮಗು ಬಾಯಿ ಮುಚ್ಚುತ್ತದೆ.

ಇನ್ನು ಉಳಿದದ್ದು ಕೆಲವು ಸಣ್ಣ ನಿರ್ಧಾರಗಳು. ಯಾವ ಸೂಚನೆಯನ್ನು ಇಂಗ್ಲಿಷಿನಲ್ಲಿ ಕೊಡಬೇಕು, ಯಾವುದನ್ನು ಕನ್ನಡದಲ್ಲಿ? ಕನ್ನಡ ಬಳಸಿದರೆ ಪಾಪವೇನಿಲ್ಲ, ಆದರೆ ಎಲ್ಲಿ ಬಳಸುತ್ತೇನೆ ಎಂಬುದು ನನ್ನ ಆಯ್ಕೆಯಾಗಿರಬೇಕು, ಇಂಗ್ಲಿಷ್ ಹೊಳೆಯದಿದ್ದಾಗ ಜಾರಿದ ಜಾರಾಗಬಾರದು. ಬೇಗ ಮುಗಿಸಿದ ಜೋಡಿಗೆ ಏನು ಕೊಡಲಿ? ಅಕ್ಷರವೇ ಸರಿಯಾಗಿ ಬಾರದ ಮಗು ಈ ಆಟದಲ್ಲಿ ಯಾವ ಪಾಲು ವಹಿಸುತ್ತದೆ? ಕೊನೆಯ ಐದು ನಿಮಿಷದಲ್ಲಿ ಮಕ್ಕಳಿಗೆ ಬಂತೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಇವಕ್ಕೆ ಉತ್ತರ ಕಂಡುಕೊಂಡರೆ ಅದು ಪಾಠ ಯೋಜನೆ. ಅದು ಅರ್ಧ ಪುಟದಲ್ಲಿ ಮುಗಿದರೂ ಸರಿ.

ಈಗ ಎದುರು ವಾದಗಳನ್ನು ನೋಡೋಣ. ಮೊದಲನೆಯದು ಅನುಭವದ ವಾದ. ‘ಇಷ್ಟು ವರ್ಷ ಅದೇ ಪಾಠ ಮಾಡಿದ್ದೇನೆ, ನಿದ್ದೆಯಲ್ಲಿ ಎಬ್ಬಿಸಿದರೂ ಮಾಡುತ್ತೇನೆ.’ ಪಾಠ ಅದೇ ಇರಬಹುದು, ಎದುರಿಗೆ ಕೂತ ಮಕ್ಕಳು ಅವರೇ ಅಲ್ಲ. ಈ ವಾದದ ಬೆನ್ನಿಗೆ ಮೈಸೂರಿನ ಮಹಾರಾಜ ಕಾಲೇಜಿನಂಥ ಕಡೆ ಚೀಟಿ ಹಿಡಿಯದೆ ಗಂಟೆಗಟ್ಟಲೆ ಇಂಗ್ಲಿಷ್ ಕಾವ್ಯ ಪಾಠ ಮಾಡುತ್ತಿದ್ದ ಪ್ರೊಫೆಸರರ ದಂತಕತೆಗಳನ್ನು ನಿಲ್ಲಿಸುವುದುಂಟು. ಆ ಪರಂಪರೆಯ ಬಗ್ಗೆ ನನಗೂ ಗೌರವವಿದೆ. ಆದರೆ ಅವರ ಎದುರಿಗಿದ್ದವರು ಇಂಗ್ಲಿಷ್ ಬಂದಮೇಲೆ ಸಾಹಿತ್ಯ ಓದಲು ಬಂದವರು, ನಮ್ಮೆದುರಿಗಿರುವವರು ಮೊದಲ ವಾಕ್ಯಕ್ಕೆ ಬಾಯಿ ತೆರೆಯಬೇಕಾದವರು. ಅಲ್ಲಿ ಪ್ರೊಫೆಸರರ ಮಾತೇ ಪಾಠ, ಇಲ್ಲಿ ಮಕ್ಕಳ ಮಾತು ಪಾಠ. ನಾನು ಏನು ಹೇಳುತ್ತೇನೆ ಎಂಬುದನ್ನು ನೆನಪಿನಿಂದ ನಡೆಸಬಹುದು, ನಲವತ್ತು ಮಕ್ಕಳು ಏನು ಮಾಡುತ್ತಾರೆ ಎಂಬುದನ್ನು ನೆನಪಿನಿಂದ ನಡೆಸಲಾಗದು. ಅನುಭವಿ ಶಿಕ್ಷಕರು ಕಡಿಮೆ ಬರೆಯಬಹುದು, ಕಡಿಮೆ ಯೋಚಿಸುವಂತಿಲ್ಲ. ಅನುಭವದಿಂದ ಬರುವ ಲಾಭವೇ ಎಲ್ಲಿ ತೊಡಕಾಗುತ್ತದೆಂಬ ಮುನ್ನರಿವು. ಅದನ್ನು ಯೋಜನೆಗೆ ತರದಿದ್ದರೆ ಅನುಭವ ಇದ್ದೂ ಇಲ್ಲದಂತೆ.

ಎರಡನೆಯದು ಸಹಜತೆಯ ವಾದ. ‘ಭಾಷೆ ಸಹಜವಾಗಿ ಬರಬೇಕು. ಯೋಜನೆ ಹಾಕಿದರೆ ಪಾಠ ಯಾಂತ್ರಿಕವಾಗುತ್ತದೆ.’ ಇದಕ್ಕೆ ಉತ್ತರ ನಮ್ಮ ನೆಲದಲ್ಲೇ ಸಿಕ್ಕಿದೆ. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರ ನೇತೃತ್ವದಲ್ಲಿ ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಯಿತು. ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯೂ ಅದರಲ್ಲಿ ಜೊತೆಗಿತ್ತು. ಲೋಕದ ಭಾಷಾ ಬೋಧಕರೆಲ್ಲ ಅದನ್ನು ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಬಲ್ಲರು. ವ್ಯಾಕರಣವನ್ನು ನೇರವಾಗಿ ಕಲಿಸದೆ, ರೈಲಿನ ವೇಳಾಪಟ್ಟಿ, ನಕ್ಷೆ, ದೂರ-ಸಮಯದ ಲೆಕ್ಕ ಮುಂತಾದ ಸಮಸ್ಯೆ ಬಿಡಿಸುತ್ತ ಮಕ್ಕಳ ಮನಸ್ಸು ಅರ್ಥದ ಮೇಲೆ ನೆಟ್ಟರೆ ಭಾಷೆ ತಾನಾಗಿ ಮೈಗೂಡುತ್ತದೆ ಎಂಬುದು ಪ್ರಭು ಅವರ ನಂಬಿಕೆ. ಸಹಜತೆಯ ಪರವಾಗಿ ಇದಕ್ಕಿಂತ ದೊಡ್ಡ ವಾದವಿಲ್ಲ. ಆದರೂ ಆ ತರಗತಿಗಳು ಯೋಜನೆಯಿಲ್ಲದೆ ನಡೆಯಲಿಲ್ಲ. ಮೊದಲು ಇಡೀ ತರಗತಿಯೊಂದಿಗೆ ಶಿಕ್ಷಕರು ಮಾಡುವ ಪೂರ್ವಸಿದ್ಧತೆಯ ಚಟುವಟಿಕೆ, ಆಮೇಲೆ ಅದೇ ಬಗೆಯ ಕೆಲಸವನ್ನು ಮಕ್ಕಳೇ ಮಾಡುವುದು, ಕೊನೆಗೆ ಅದರ ಫಲಿತಾಂಶ ನೋಡುವುದು. ತರಗತಿಯ ಅರ್ಧದಷ್ಟಾದರೂ ಮಕ್ಕಳು ಕೆಲಸದ ಅರ್ಧದಷ್ಟಾದರೂ ಸರಿಯಾಗಿ ಮಾಡಿದರೆ ಆ ಕೆಲಸದ ಕಷ್ಟ ಹದವಾಗಿದೆ ಎಂಬ ಅಳತೆಗೋಲು ಅವರಿಗಿತ್ತು. ಮರುದಿನದ ಕೆಲಸವನ್ನು ಸುಲಭ ಮಾಡಬೇಕೋ ಕಠಿಣ ಮಾಡಬೇಕೋ ಎಂಬುದು ಅದರಿಂದ ತೀರ್ಮಾನವಾಗುತ್ತಿತ್ತು. ವ್ಯಾಕರಣದ ಪಟ್ಟಿಯನ್ನೇ ಕೈಬಿಟ್ಟವರು ಕೂಡ ಯೋಜನೆಯನ್ನು ಕೈಬಿಡಲಿಲ್ಲ. ಪಾಠ ಸಹಜವಾಗಿ ಹರಿಯಬೇಕಾದರೆ ಹಿಂದಿನ ಸಿದ್ಧತೆ ಇನ್ನೂ ಹೆಚ್ಚು ಬೇಕೆಂಬುದೇ ಈ ಪ್ರಯೋಗದ ಪಾಠ. ತರಗತಿಯಲ್ಲಿ ಅನಿರೀಕ್ಷಿತವಾಗಿ ಏನಾದರೂ ಚೆನ್ನಾದದ್ದು ಹುಟ್ಟಿದರೆ ಯೋಜನೆಯನ್ನು ಬಿಟ್ಟು ಅದರ ಹಿಂದೆ ಹೋಗಬಹುದು, ಹೋಗಬೇಕು. ಬಿಡುವುದಕ್ಕಾದರೂ ಒಂದು ಯೋಜನೆ ಇರಬೇಕಲ್ಲವೇ?

ಮೂರನೆಯ ವಾದವನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ, ಆದರೆ ಹಲವರ ಮನಸ್ಸಿನಲ್ಲಿದೆ. ‘ನನಗೇ ಇಂಗ್ಲಿಷ್ ಅಷ್ಟಕ್ಕಷ್ಟೆ. ಯೋಜನೆ ಬರೆದು ಏನು ಪ್ರಯೋಜನ?’ ಕನ್ನಡ ಮಾಧ್ಯಮದಲ್ಲಿ ಓದಿ, ಇಂಗ್ಲಿಷ್ ಕಲಿಸುವ ಹೊಣೆ ಹೆಗಲಿಗೆ ಬಿದ್ದ ಸಾವಿರಾರು ಪ್ರಾಥಮಿಕ ಶಿಕ್ಷಕರ ಅಳುಕು ಇದು. ಅವರನ್ನು ಹೀಯಾಳಿಸುವವರ ಗುಂಪಿಗೆ ನಾನು ಸೇರುವುದಿಲ್ಲ. ಅವರಿಗೆ ನಾನು ಹೇಳುವುದಿಷ್ಟೆ: ಯೋಜನೆಯಿಂದ ಅತಿ ಹೆಚ್ಚು ಲಾಭ ಆಗುವುದು ನಿಮಗೇ. ನಾಳೆ ತರಗತಿಯಲ್ಲಿ ಕೊಡಬೇಕಾದ ಆರು ಸೂಚನೆ, ಕೇಳಬೇಕಾದ ಎಂಟು ಪ್ರಶ್ನೆ ಇವನ್ನು ಇಂದೇ ಇಂಗ್ಲಿಷಿನಲ್ಲಿ ಬರೆದು, ಸಂಶಯವಿದ್ದ ಉಚ್ಚಾರವನ್ನು ನಿಘಂಟಿನಲ್ಲೋ ಫೋನಿನಲ್ಲೋ ಕೇಳಿ, ಎರಡು ಸಲ ಗಟ್ಟಿಯಾಗಿ ಹೇಳಿಕೊಂಡರೆ ನಾಳೆಯ ಮಟ್ಟಿಗೆ ನಿಮ್ಮ ಇಂಗ್ಲಿಷ್ ಸಾಕು. ವರ್ಷವಿಡೀ ಹೀಗೆ ಮಾಡಿದವರಿಗೆ ಭಾಷೆ ಬಂದೇ ಬರುತ್ತದೆ. ಇಂಗ್ಲಿಷ್ ಚೆನ್ನಾಗಿ ಬಲ್ಲವರು ಸಿದ್ಧತೆಯಿಲ್ಲದೆ ಹೋದರೆ ಮಕ್ಕಳಿಗಷ್ಟೇ ನಷ್ಟ, ಅಳುಕಿರುವವರು ಹಾಗೆ ಹೋದರೆ ಮಕ್ಕಳಿಗೂ ತಮಗೂ ನಷ್ಟ.

ನಾಲ್ಕನೆಯದು ಸಮಯದ ವಾದ. ಇದು ಎಲ್ಲಕ್ಕಿಂತ ಬಲವಾದದ್ದು. ಚುನಾವಣೆ, ಗಣತಿ, ಬಿಸಿಯೂಟದ ಲೆಕ್ಕ, ಸ್ಯಾಟ್ಸ್ ತಂತ್ರಾಂಶಕ್ಕೆ ಮಾಹಿತಿ ತುಂಬುವುದು, ಸಂಜೆ ಏಳಕ್ಕೆ ವಾಟ್ಸಾಪಿನಲ್ಲಿ ಬಂದು ನಾಳೆ ಬೆಳಿಗ್ಗೆಯೇ ಕೊಡಬೇಕೆನ್ನುವ ವರದಿ, ಇವೆಲ್ಲದರ ನಡುವೆ ಯೋಚಿಸಲು ಪುರುಸೊತ್ತೆಲ್ಲಿ? ದೂರು ನ್ಯಾಯವಾದದ್ದು. ಆದರೆ ಅದರಿಂದ ಬರಬೇಕಾದ ತೀರ್ಮಾನ ‘ಯೋಜನೆ ಬೇಡ’ ಎಂಬುದಲ್ಲ, ‘ನಕಲು ಬರೆಯುವುದು ಬೇಡ’ ಎಂಬುದು. ಹೋದ ವರ್ಷದ ಪುಸ್ತಕದಿಂದ ಈ ವರ್ಷದ ಪುಸ್ತಕಕ್ಕೆ ಪುಟಗಟ್ಟಲೆ ಇಳಿಸುವುದಕ್ಕೆ ಇಂದು ಹೋಗುತ್ತಿರುವ ಗಂಟೆಗಳನ್ನು ಯೋಚನೆಗೆ ಕೊಟ್ಟರೆ ಕಾಲು ಭಾಗದಲ್ಲಿ ಕೆಲಸ ಮುಗಿಯುತ್ತದೆ.

ಇಲ್ಲಿ ಇಲಾಖೆಯ ಪಾಲನ್ನು ಹೇಳದೆ ಬಿಡುವಂತಿಲ್ಲ. ಪಾಠ ಯೋಜನೆಗೆ ಈ ಕೆಟ್ಟ ಹೆಸರು ಬಂದದ್ದಕ್ಕೆ ಶಿಕ್ಷಕರಿಗಿಂತ ಹೆಚ್ಚು ಹೊಣೆ ಅದನ್ನು ನಮೂನೆಯಾಗಿ ಹೆಪ್ಪುಗಟ್ಟಿಸಿದವರದು. ಮೊದಲು ಜರ್ಮನಿಯ ಹರ್ಬಾರ್ಟನ ಅನುಯಾಯಿಗಳು ರೂಪಿಸಿದ ಐದು ಹಂತಗಳು ನಮ್ಮ ತರಬೇತಿ ಕಾಲೇಜುಗಳನ್ನು ಆಳಿದವು. ಆಮೇಲೆ 1956ರಲ್ಲಿ ಬಂದ ಬ್ಲೂಮ್ ವರ್ಗೀಕರಣದ ಹೆಸರಿನಲ್ಲಿ ಜ್ಞಾನ, ತಿಳಿವಳಿಕೆ, ಅನ್ವಯ ಎಂಬ ಕಾಲಂಗಳು ಬಂದವು. ಈಚೆಗೆ ಬಂದದ್ದು 5ಇ ಮಾದರಿ: ತೊಡಗಿಸಿಕೊಳ್ಳುವುದು, ಪರಿಶೋಧಿಸುವುದು, ವಿವರಿಸುವುದು, ವಿಸ್ತರಿಸುವುದು, ಮೌಲ್ಯಮಾಪನ. ಅಮೆರಿಕದ ಜೀವವಿಜ್ಞಾನ ಪಠ್ಯಕ್ರಮ ಸಂಸ್ಥೆಯೊಂದು 1980ರ ದಶಕದಲ್ಲಿ ವಿಜ್ಞಾನ ಪಾಠಕ್ಕಾಗಿ ರೂಪಿಸಿದ ಮಾದರಿ ಇದು. ಬೀಜ ಮೊಳೆಯುವುದನ್ನು ಕಲಿಸಲು ಅದು ಸೊಗಸಾದ ದಾರಿ. ಆದರೆ ಒಂದು ಇಂಗ್ಲಿಷ್ ಪದ್ಯವನ್ನೂ, ಒಂದು ಪತ್ರ ಬರೆಯುವ ಪಾಠವನ್ನೂ, ಭೂತಕಾಲದ ಅಭ್ಯಾಸವನ್ನೂ ಅದೇ ಐದು ಕಾಲಂಗೆ ತುಂಬಬೇಕು ಎಂದಾಗ ಶಿಕ್ಷಕರು ಯೋಚಿಸುವುದನ್ನು ಬಿಟ್ಟು ತುಂಬುವುದನ್ನು ಕಲಿಯುತ್ತಾರೆ. ಭಾಷಾ ಪಾಠಕ್ಕೆ ಬೇಕಾದ ಪ್ರಶ್ನೆಗಳಿಗೆ, ಅಂದರೆ ಯಾವ ವಾಕ್ಯ, ಯಾರು ಯಾರೊಡನೆ ಆಡುತ್ತಾರೆ, ಎಷ್ಟು ಸಲ ಕೇಳುತ್ತಾರೆ ಎಂಬುದಕ್ಕೆ, ಆ ನಮೂನೆಯಲ್ಲಿ ಜಾಗವೇ ಇಲ್ಲ.

ನಮೂನೆ ತುಂಬುವುದೇ ಕೆಲಸವಾದಾಗ ಅದನ್ನು ಯಾರು ತುಂಬಿದರೂ ನಡೆಯುತ್ತದೆ. ಅದಕ್ಕೇ ಟೆಲಿಗ್ರಾಂ ಗುಂಪುಗಳಲ್ಲಿ ಇಡೀ ವರ್ಷದ ಲೆಸನ್ ಪ್ಲಾನ್ ಪಿಡಿಎಫ್ ಆಗಿ ಹರಿದಾಡುತ್ತದೆ. ಈಗ ಕೃತಕ ಬುದ್ಧಿಮತ್ತೆ ಅರೆಕ್ಷಣದಲ್ಲಿ ಬರೆದುಕೊಡುತ್ತದೆ. ಅಂಥ ಯೋಜನೆಗೆ ನಿಮ್ಮ ಮೂರನೆಯ ಬೆಂಚಿನ ಹುಡುಗಿ ಗೊತ್ತಿಲ್ಲ, ನಿನ್ನೆ ಎಲ್ಲಿ ಪಾಠ ನಿಂತಿತು ಎಂಬುದೂ ಗೊತ್ತಿಲ್ಲ. ಬೇರೆಯವರದನ್ನು ನೋಡಿ ಕಲಿಯುವುದು ತಪ್ಪಲ್ಲ, ನೋಡದೆ ಪ್ರಿಂಟ್ ತೆಗೆದು ಕಡತಕ್ಕೆ ಸೇರಿಸುವುದು ತಪ್ಪು. ಸಿ.ಆರ್.ಪಿ.ಯವರು ಬಂದು ಅದಕ್ಕೆ ಸಹಿ ಹಾಕಿ ಹೋಗುತ್ತಾರೆ. ತರಗತಿಯಲ್ಲಿ ಹತ್ತು ನಿಮಿಷ ಕೂತು, ಯೋಜನೆಯಲ್ಲಿದ್ದದ್ದು ನಡೆಯುತ್ತಿದೆಯೇ ಎಂದು ನೋಡುವವರು ವಿರಳ. ಹೀಗೆ ‘ಯೋಜನೆ ಎಂದರೆ ಕಾಗದ’ ಎಂಬ ವಿಷಯದಲ್ಲಿ ಇಲಾಖೆಗೂ ಯೋಜನೆಯ ವಿರೋಧಿಗಳಿಗೂ ಪೂರ್ತಿ ಒಮ್ಮತವಿದೆ. ಒಬ್ಬರು ಆ ಕಾಗದವನ್ನು ಕೇಳುತ್ತಾರೆ, ಇನ್ನೊಬ್ಬರು ಕೊಟ್ಟು ಕೈತೊಳೆದುಕೊಳ್ಳುತ್ತಾರೆ.

ಇದರ ಬೆಲೆ ತೆರುವುದು ಹತ್ತನೇ ತರಗತಿಯಲ್ಲಿ. ಒಂಬತ್ತು ವರ್ಷ ಯಾರೂ ಮಾತಾಡಿಸದ ಹುಡುಗನಿಗೆ ಕೊನೆಯ ಮೂರು ತಿಂಗಳು ‘ಪಾಸಿಂಗ್ ಪ್ಯಾಕೇಜ್’ ಕೊಡುತ್ತೇವೆ. ಒಂದು ಪತ್ರದ ಚೌಕಟ್ಟು, ಒಂದು ಪ್ರಬಂಧ, ಬಾಯಿಪಾಠದ ಪದ್ಯ, ಬರುವ ಸಾಧ್ಯತೆಯಿರುವ ಪ್ರಶ್ನೆಗಳು. ಅವನು ಪಾಸಾಗುತ್ತಾನೆ. ಶಾಲೆಯ ಫಲಿತಾಂಶ ಚೆನ್ನಾಗಿ ಬರುತ್ತದೆ. ಪಿ.ಯು. ತರಗತಿಯಲ್ಲಿ ಅವನು ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂರುತ್ತಾನೆ. ಪರೀಕ್ಷೆಗೆ ಇಷ್ಟು ಕರಾರುವಾಕ್ಕಾಗಿ ಯೋಜನೆ ಹಾಕಬಲ್ಲ ನಾವು ಕಲಿಕೆಗೆ ಯೋಜನೆ ಬೇಡ ಎನ್ನುವುದನ್ನು ಒಪ್ಪಿಕೊಳ್ಳಲು ಸಾಧ್ಯವೇ ಇಲ್ಲ.

ಆಗಬೇಕಾದದ್ದು ದೊಡ್ಡದೇನಲ್ಲ. ಇಲಾಖೆ ಎಲ್ಲ ವಿಷಯಕ್ಕೂ ಒಂದೇ ನಮೂನೆ ಎಂಬ ಹಟ ಬಿಡಲಿ. ಭಾಷಾ ಶಿಕ್ಷಕರಿಗೆ ಒಂದು ಪುಟ, ಅವರದೇ ಮಾತು, ಅವರದೇ ಅಕ್ಷರ ಸಾಕು ಎನ್ನಲಿ. ವಾರಕ್ಕೊಂದು ಪಿರಿಯಡ್ಡನ್ನು ಬೇರೆ ಕೆಲಸಕ್ಕೆ ಮುಟ್ಟದಂತೆ ಯೋಜನೆಗೆಂದೇ ಮೀಸಲಿಡಲಿ. ಕ್ಲಸ್ಟರ್ ಸಭೆಗಳಲ್ಲಿ ಸುತ್ತೋಲೆ ಓದುವ ಬದಲು ನಾಲ್ಕು ಶಾಲೆಯ ಇಂಗ್ಲಿಷ್ ಶಿಕ್ಷಕರು ಒಂದೇ ಪಾಠವನ್ನು ಕೂತು ಯೋಜಿಸಲಿ, ಮುಂದಿನ ಸಭೆಯಲ್ಲಿ ಏನಾಯಿತೆಂದು ಹೇಳಲಿ. ಪರಿಶೀಲನೆಗೆ ಬಂದವರು ಕಡತ ಕೇಳುವ ಮೊದಲು ತರಗತಿಯ ಹಿಂದಿನ ಬೆಂಚಿನಲ್ಲಿ ಕೂರಲಿ.

ಶಿಕ್ಷಕ ಮಿತ್ರರೇ, ಇಲಾಖೆ ಬದಲಾಗುವವರೆಗೆ ಕಾಯಬೇಡಿ. ಅದು ಕೇಳುವ ಕಾಗದವನ್ನು ಅದಕ್ಕೆ ಕೊಡಿ, ನಿಮ್ಮ ಯೋಜನೆಯನ್ನು ನಿಮಗಾಗಿ ಬೇರೆ ಬರೆಯಿರಿ. ನಾಳೆಯ ಪಾಠದಲ್ಲಿ ಮಗು ಇಂಗ್ಲಿಷಿನಲ್ಲಿ ಹೇಳಲೇಬೇಕಾದ ಎರಡು ವಾಕ್ಯ, ಅದನ್ನು ಯಾರಿಗೆ ಯಾಕೆ ಹೇಳುತ್ತದೆ, ಎಲ್ಲಿ ತಪ್ಪುತ್ತದೆ, ನಿಮಗೆ ಅದು ಹೇಗೆ ತಿಳಿಯುತ್ತದೆ, ಇಷ್ಟನ್ನು ಬರೆದುಕೊಂಡು ತರಗತಿಗೆ ಹೋಗಿ. ಟ್ಯೂಷನ್ನಿಗೂ ಕಾನ್ವೆಂಟಿಗೂ ದುಡ್ಡಿಲ್ಲದ ಮನೆಯ ಮಗುವಿಗೆ ಇಂಗ್ಲಿಷ್ ಕಲಿಯಲು ಇರುವುದು ನಿಮ್ಮ ಆ ನಲವತ್ತು ನಿಮಿಷ ಒಂದೇ.